ಡೇಟಾಬೇಸಿನ ಗಡಿಯಲ್ಲಿ ಭಾಷೆಯ ಆಯ್ಕೆ: ಎಎಸ್/400, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಕುರಿತು ಒಂದು ಟಿಪ್ಪಣಿ

ವ್ಯಾಪಾರ ಸಂಸ್ಥೆಯೊಂದರಲ್ಲಿ ಆರ್ಡರು ಮತ್ತು ದಾಸ್ತಾನಿನ ಲೆಕ್ಕ ಐಬಿಎಂನ ಎಎಸ್/400 ಯಂತ್ರದಲ್ಲಿದೆ, ಖಾತೆಗಳು ಯುನಿಕ್ಸ್ ಮೇಲಿನ ಒರಾಕಲ್‌ನಲ್ಲಿವೆ, ಅಂಗಡಿಗಳ ಬಿಲ್ಲುಗಳು ವಿಂಡೋಸ್ ಮೇಲಿನ ಎಸ್‌ಕ್ಯೂಎಲ್ ಸರ್ವರ್‌ಗೆ ಬಂದು ಸೇರುತ್ತವೆ ಎಂದಿಟ್ಟುಕೊಳ್ಳೋಣ. ಒಂದೊಂದು ವಿಭಾಗ ಒಂದೊಂದು ಕಾಲದಲ್ಲಿ ತನಗೆ ಬೇಕಾದ ಯಂತ್ರ ಕೊಂಡ ಕಡೆಗಳಲ್ಲಿ ಇಂಥ ಜೋಡಣೆ ಕಾಣಸಿಗುತ್ತದೆ. ಮೂರನ್ನೂ ಓದಿ, ಒಂದಕ್ಕೊಂದು ತಾಳೆ ನೋಡಿ, ಬೇಕಾದಲ್ಲಿ ತಿದ್ದುವ ಹೊಸ ಪ್ರೋಗ್ರಾಮು ಬರೆಯುವ ಹೊತ್ತಿಗೆ ಯಾವ ಭಾಷೆ ಎಂಬ ಪ್ರಶ್ನೆ ಏಳುತ್ತದೆ. ಚರ್ಚೆ ಸಾಮಾನ್ಯವಾಗಿ ವೇಗ, ಕಲಿಕೆಯ ಸುಲಭ, ಸಿಗುವ ಪ್ರೋಗ್ರಾಮರುಗಳು ಇವುಗಳ ಸುತ್ತಲೇ ನಡೆದು ಮುಗಿಯುತ್ತದೆ. ನನ್ನ ವಾದ ಬೇರೆ. ಡೇಟಾಬೇಸಿನಿಂದ ಹೊರಟ ಮೌಲ್ಯ ಪ್ರೋಗ್ರಾಮಿನೊಳಗೆ ಕಾಲಿಡುವ ಗಡಿಯಲ್ಲಿ ಅದಕ್ಕೆ ಏನಾಗುತ್ತದೆ? ಅಲ್ಲಿ ಏನಾದರೂ ಕೆಟ್ಟರೆ ಆ ಸುದ್ದಿ ಎಷ್ಟು ಬೇಗ ನಮಗೆ ಮುಟ್ಟುತ್ತದೆ? ಭಾಷೆಯನ್ನು ಮೊದಲು ಅಳೆಯಬೇಕಾದದ್ದು ಈ ಎರಡು ಪ್ರಶ್ನೆಗಳಿಂದ.

ಗಡಿ ಹುಟ್ಟಿದ ಬಗೆ

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟ ಕಾಲಕ್ಕೆ ವ್ಯಾಪಾರದ ಪ್ರೋಗ್ರಾಮುಗಳು ಕೋಬಾಲ್‌ನಲ್ಲಿ ಒಂದೊಂದೇ ದಾಖಲೆಯನ್ನು ಹುಡುಕಿಕೊಂಡು ಸಾಗುತ್ತಿದ್ದವು. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ವಿವರಿಸಿದ ಸೀಕ್ವೆಲ್, ಮುಂದೆ ಎಸ್‌ಕ್ಯೂಎಲ್ ಆದದ್ದು, ದಾಖಲೆಗಳ ಗುಂಪನ್ನೇ ಒಟ್ಟಿಗೆ ಕೇಳಲು ದಾರಿ ಮಾಡಿತು. ಆದರೆ ಇನ್‌ವಾಯ್ಸ್ ಮುದ್ರಿಸಲು, ಪರದೆ ತೋರಿಸಲು, ಕಡತ ಕಳಿಸಲು ಎಸ್‌ಕ್ಯೂಎಲ್ ಸಾಲದು. ಅದಕ್ಕೆ ಆಸರೆಯಾಗಿ ಇನ್ನೊಂದು ಭಾಷೆ ಬೇಕು. ಗುಂಪುಗಳಲ್ಲಿ ಯೋಚಿಸುವ ಒಂದು ಭಾಷೆ, ಒಂದೊಂದೇ ಮೌಲ್ಯವನ್ನು ಹಿಡಿಯುವ ಇನ್ನೊಂದು ಭಾಷೆ. ಗಡಿ ಬಿದ್ದದ್ದು ಇವುಗಳ ನಡುವೆ.

ಮೊದಲ ಪರಿಹಾರ ಎಸ್‌ಕ್ಯೂಎಲ್ಲನ್ನು ಆಸರೆ ಭಾಷೆಯೊಳಗೇ ಹುದುಗಿಸುವುದು. ಕೋಬಾಲ್ ಸಾಲುಗಳ ನಡುವೆ ಬರೆದ ಎಸ್‌ಕ್ಯೂಎಲ್ ವಾಕ್ಯಗಳನ್ನು ಪ್ರಿಕಂಪೈಲರ್ ಮೊದಲೇ ಹೆಕ್ಕಿ ತೆಗೆಯುತ್ತದೆ. 1983ರಲ್ಲಿ ಮೇನ್‌ಫ್ರೇಮಿಗೆ ಬಂದ ಡಿಬಿ2ನಲ್ಲಿ ಆ ವಾಕ್ಯಗಳನ್ನು ಓಡಿಸುವ ಮುನ್ನವೇ ಡೇಟಾಬೇಸಿಗೆ ಕಟ್ಟುವ ಹಂತವೊಂದಿದೆ. ಟೇಬಲಿನಲ್ಲಿ ಇಲ್ಲದ ಕಾಲಂ ಹೆಸರನ್ನು ಬರೆದಿದ್ದರೆ ಅದು ಅಲ್ಲೇ ಬಯಲಾಗುತ್ತದೆ. ತೊಂದರೆ ಎಂದರೆ ಪ್ರತಿ ಕಂಪನಿಗೂ ತನ್ನದೇ ಪ್ರಿಕಂಪೈಲರ್. ಡಿಬಿ2ಗೆ ಕಟ್ಟಿದ ಪ್ರೋಗ್ರಾಮು ಒರಾಕಲ್‌ನೊಂದಿಗೆ ಮಾತಾಡಬೇಕಾದರೆ ಮತ್ತೆ ಕಂಪೈಲ್ ಆಗಲೇಬೇಕು.

ಈ ತೊಡಕನ್ನು ಬಿಡಿಸಲು 1989ರಲ್ಲಿ ಎಸ್‌ಕ್ಯೂಎಲ್ ಆಕ್ಸೆಸ್ ಗ್ರೂಪ್ ಎಂಬ ಕಂಪನಿಗಳ ಕೂಟ ಸೇರಿತು. ಅದರ ಕೆಲಸದ ಆಧಾರದ ಮೇಲೆ 1992ರಲ್ಲಿ ಮೈಕ್ರೋಸಾಫ್ಟ್ ಓಡಿಬಿಸಿಯನ್ನು ತಂದಿತು, 1995ರಲ್ಲಿ ಅದೇ ವಿಚಾರ ಅಂತರರಾಷ್ಟ್ರೀಯ ಮಾನಕವಾಯಿತು, 1997ರಲ್ಲಿ ಜಾವಾದ ಜೆಡಿಬಿಸಿ ಬಂತು. ಒಂದೇ ಪ್ರೋಗ್ರಾಮು, ಹಿಂದೆ ಯಾವ ಡೇಟಾಬೇಸಿಗೆ ಬೇಕೋ ಆ ಡ್ರೈವರ್. ಬಹಳ ದೊಡ್ಡ ಅನುಕೂಲ. ಆದರೆ ಇದಕ್ಕೆ ತೆತ್ತ ಬೆಲೆಯ ಮಾತು ಚರ್ಚೆಗಳಲ್ಲಿ ವಿರಳ. ಯಾವ ಡೇಟಾಬೇಸು ಎಂಬುದು ಓಡುವ ಹೊತ್ತಿಗಷ್ಟೇ ಗೊತ್ತಾಗುವುದರಿಂದ ಎಸ್‌ಕ್ಯೂಎಲ್ ವಾಕ್ಯ ಬರೀ ಅಕ್ಷರಗಳ ಸರಣಿಯಾಗಿ ಕಂಪೈಲರಿನ ಕಣ್ಣು ತಪ್ಪಿಸಿ ಹೋಗುತ್ತದೆ. ಹಗಲು ಕಂಪೈಲ್ ಮಾಡುವಾಗ ಸಿಗುತ್ತಿದ್ದ ತಪ್ಪು ರಾತ್ರಿಯ ಬ್ಯಾಚ್ ಓಟದಲ್ಲಿ ಸಿಗತೊಡಗಿತು. 2007ರಲ್ಲಿ ಸಿ ಶಾರ್ಪ್‌ಗೆ ಬಂದ ಲಿಂಕ್ ಸೌಲಭ್ಯ ಆ ಹಳೆಯ ರಕ್ಷಣೆಯನ್ನು ಸ್ವಲ್ಪ ಮಟ್ಟಿಗೆ ಮರಳಿಸಿತು. ಜಾವಾ ಲೋಕದಲ್ಲೂ ಅಂಥ ಪ್ರಯತ್ನಗಳು ನಡೆದಿವೆ. ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ಹಿಂದುಳಿದವು ಎಂದು ಬದಿಗೆ ಸರಿಸುವವರು ಈ ಒಂದು ವಿಷಯದಲ್ಲಿ ಅವು ಮುಂದಿದ್ದವು ಎಂಬುದನ್ನು ಗಮನಿಸಬೇಕು.

ಎಎಸ್/400ರ ಪಾಠ

1978ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/38ರಲ್ಲಿ ಡೇಟಾಬೇಸು ಆಪರೇಟಿಂಗ್ ಸಿಸ್ಟಮ್‌ನ ಭಾಗವಾಗಿಯೇ ಇತ್ತು. 1988ರ ಜೂನಿನಲ್ಲಿ ಬಂದ ಎಎಸ್/400 ಆ ವಿನ್ಯಾಸವನ್ನು ಮುಂದುವರಿಸಿತು. ಹೆಸರು ಹಲವು ಸಲ ಬದಲಾಗಿ ಈಗ ಐಬಿಎಂ ಐ ಆಗಿದ್ದರೂ ಅದರ ಮೇಲೆ ಕೆಲಸ ಮಾಡುವವರ ಬಾಯಲ್ಲಿ ಎಎಸ್/400 ಎಂಬುದೇ ಉಳಿದಿದೆ. ಅಲ್ಲಿನ ಮನೆಮಾತು ಆರ್‌ಪಿಜಿ. 1959ರಲ್ಲಿ ಐಬಿಎಂ 1401 ಯಂತ್ರಕ್ಕೆ ವರದಿ ತಯಾರಿಸಲು ಹುಟ್ಟಿದ ಈ ಭಾಷೆ 1994ರಲ್ಲಿ ನಾಲ್ಕನೆಯ ರೂಪಕ್ಕೆ ಬಂತು, ಈಗಲೂ ಬೆಳೆಯುತ್ತಿದೆ.

ಆರ್‌ಪಿಜಿ ಪ್ರೋಗ್ರಾಮು ಕಂಪೈಲ್ ಆಗುವಾಗ ಫೈಲಿನ ವಿನ್ಯಾಸವನ್ನು ಡೇಟಾಬೇಸಿನಿಂದಲೇ ಎಳೆದುಕೊಳ್ಳುತ್ತದೆ, ಆ ವಿನ್ಯಾಸದ ಗುರುತೊಂದನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಯಾರಾದರೂ ಫೈಲಿಗೆ ಹೊಸ ಫೀಲ್ಡ್ ಸೇರಿಸಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡದೆ ಬಿಟ್ಟರೆ ಲೆವೆಲ್ ಚೆಕ್ ಎಂಬ ತಪಾಸಣೆ ಫೈಲನ್ನು ತೆರೆಯಲು ಬಿಡುವುದಿಲ್ಲ. ಕೆಲಸ ನಿಲ್ಲುತ್ತದೆ, ಆದರೆ ಒಂದು ಫೀಲ್ಡಿನ ಅಂಕಿ ಇನ್ನೊಂದರೊಳಗೆ ನುಗ್ಗುವುದಿಲ್ಲ. ಭಾಷೆ ಮತ್ತು ಡೇಟಾಬೇಸು ಒಂದೇ ಸೂರಿನಡಿ ಬೆಳೆದದ್ದರ ಲಾಭ ಇದು. ಹೊರಗಿನಿಂದ ಬರುವ ಜಾವಾ ಅಥವಾ ಪೈಥಾನ್‌ಗೆ ಈ ಕಾವಲು ದೊರೆಯುವುದಿಲ್ಲ.

ಇದೇ ನಂಟಿಗೆ ಇನ್ನೊಂದು ಮುಖವಿದೆ. ಹಣ, ಪ್ರಮಾಣ ಮುಂತಾದ ಅಂಕಿಗಳು ಅಲ್ಲಿ ಪ್ಯಾಕ್ಡ್ ಡೆಸಿಮಲ್ ರೂಪದಲ್ಲಿರುತ್ತವೆ: ಬೈಟಿಗೆ ಎರಡು ಅಂಕಿ, ಕೊನೆಯ ಅರ್ಧ ಬೈಟು ಧನ ಋಣ ಚಿಹ್ನೆಗೆ. 12345.67 ಎಂಬ ಮೊತ್ತ ನಾಲ್ಕು ಬೈಟುಗಳಲ್ಲಿ ಕೂರುತ್ತದೆ. ಹಳೆಯ ಡಿಡಿಎಸ್ ವಿವರಣೆಯಿಂದ ಕಟ್ಟಿದ ಫೈಲಿನಲ್ಲಿ ಬರೆಯುವಾಗ ಈ ಅಂಕಿಗಳ ಶುದ್ಧಿ ನೋಡುವುದಿಲ್ಲ, ಓದುವಾಗ ನೋಡಲಾಗುತ್ತದೆ. ಎಸ್‌ಕ್ಯೂಎಲ್‌ನಿಂದ ಕಟ್ಟಿದ ಟೇಬಲಿನಲ್ಲಿ ಬರೆಯುವಾಗಲೇ ನೋಡಲಾಗುತ್ತದೆ. ಹೀಗಾಗಿ ಹಿಂದೆಂದೋ ನಡೆದ ವರ್ಗಾವಣೆಯಲ್ಲಿ ಅಂಕಿಯ ಜಾಗಕ್ಕೆ ಖಾಲಿ ಅಕ್ಷರ ಬಿದ್ದಿದ್ದರೆ ಅದು ಹಾಗೆಯೇ ಉಳಿದಿರಬಹುದು. ಇಂಥ ಕೆಟ್ಟ ಅಂಕಿಯನ್ನು ಸರಿಪಡಿಸಿಕೊಂಡು ಮುಂದೆ ಹೋಗು ಎಂದು ಆರ್‌ಪಿಜಿ ಕಂಪೈಲರಿಗೆ ಹೇಳುವ ಆಯ್ಕೆ ಇರುವುದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಜೆಡಿಬಿಸಿ ಮೂಲಕ ಮೊದಲ ಸಲ ಆ ಕಾಲಂ ಕೇಳಿದ ದಿನ ದೋಷ ಹೊರಬೀಳುತ್ತದೆ, ಹೊಸ ಭಾಷೆಯ ಮೇಲೆ ಆರೋಪ ಬರುತ್ತದೆ. ಆರೋಪ ತಪ್ಪು. ದತ್ತಾಂಶ ಮೊದಲೇ ಕೆಟ್ಟಿತ್ತು. ಹೊಸ ಭಾಷೆ ಅದನ್ನು ಬಯಲಿಗೆ ತಂದಿತು. ದಿನಾಂಕಗಳದ್ದೂ ಹೆಚ್ಚುಕಡಿಮೆ ಇದೇ ಕತೆ. 1240315 ಎಂಬ ಏಳು ಅಂಕಿಯ ಸಂಖ್ಯೆಯನ್ನು 2024ರ ಮಾರ್ಚ್ 15 ಎಂದು ಓದಲು ಆರ್‌ಪಿಜಿಯಲ್ಲಿ ಸಿದ್ಧ ಸೌಕರ್ಯವಿದೆ, ಉಳಿದ ಭಾಷೆಗಳಲ್ಲಿ ಮೊದಲ ಅಂಕಿ ಶತಮಾನದ್ದು ಎಂಬುದನ್ನು ನಾವೇ ಬರೆದು ತಿಳಿಸಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಮಿಟ್ ವಿಷಯದಲ್ಲಿ. ಈ ಯಂತ್ರದಲ್ಲಿ ಫೈಲಿಗೆ ಅದರ ಬದಲಾವಣೆಗಳನ್ನು ದಾಖಲಿಸುವ ಜರ್ನಲ್ ಜೋಡಿಸಿದ್ದರೆ ಮಾತ್ರ ಕಮಿಟ್, ರೋಲ್‌ಬ್ಯಾಕ್ ಕೆಲಸ ಮಾಡುತ್ತವೆ. ಜರ್ನಲ್ ಇಲ್ಲದ ಫೈಲನ್ನು ಜೆಡಿಬಿಸಿಯಿಂದ ಕಮಿಟ್ ನಿಯಂತ್ರಣದಡಿ ತಿದ್ದಲು ಹೋದರೆ ಎಸ್‌ಕ್ಯೂಎಲ್7008 ಎಂಬ ದೋಷ ಬರುತ್ತದೆ. ಡ್ರೈವರಿನಲ್ಲಿ ಪ್ರತ್ಯೇಕತೆಯ ಮಟ್ಟವನ್ನು ಶೂನ್ಯಕ್ಕೆ ಇಳಿಸಿದರೆ ದೋಷ ಮಾಯವಾಗುತ್ತದೆ. ಅದರೊಡನೆ ಆರ್ಡರಿನ ತಲೆಸಾಲು ಮತ್ತು ಅದರ ಕೆಳಗಿನ ಸರಕುಸಾಲುಗಳು ಒಂದೇ ವಹಿವಾಟಾಗಿ ಉಳಿಯುವ ಭರವಸೆಯೂ ಮಾಯವಾಗುತ್ತದೆ. ಹೊರಗಿನ ಯಾವುದೇ ಭಾಷೆಗೆ ತಿದ್ದುವ ಅಧಿಕಾರ ಕೊಡುವ ಮುನ್ನ ಜರ್ನಲ್ ಶುರುಮಾಡಬೇಕು. ಇದರಲ್ಲಿ ರಾಜಿ ಕೂಡದು.

ಐವತ್ತು ಪೈಸೆ

ನಮ್ಮ ಸರಕು ಮತ್ತು ಸೇವಾ ತೆರಿಗೆ ಕಾನೂನನ್ನೇ ತೆಗೆದುಕೊಳ್ಳೋಣ. 2017ರ ಕೇಂದ್ರ ಕಾಯ್ದೆಯ 170ನೆಯ ಕಲಂ ಪ್ರಕಾರ ತೆರಿಗೆ ಮೊತ್ತದಲ್ಲಿ ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. 112 ರೂಪಾಯಿ 50 ಪೈಸೆ 113 ಆಗಬೇಕು. ಜಾವಾದ ಸಾಮಾನ್ಯ ರೌಂಡ್ ವಿಧಾನ 113 ಕೊಡುತ್ತದೆ, ಒರಾಕಲ್‌ನದೂ ಎಸ್‌ಕ್ಯೂಎಲ್ ಸರ್ವರ್‌ನದೂ ಹಾಗೆಯೇ. ಪೈಥಾನ್‌ನ ರೌಂಡ್ ಕೊಡುವುದು 112. ಸಿ ಶಾರ್ಪ್‌ನ ಮ್ಯಾತ್ ರೌಂಡ್ ಕೂಡ 112. ಲೆಕ್ಕ ವಿಭಾಗದವರು ಎಕ್ಸೆಲ್ ಶೀಟಿನಲ್ಲಿ ಸೂತ್ರ ಹಾಕಿದರೆ 113, ಅದೇ ಶೀಟಿನ ಹಿಂದಿನ ಮ್ಯಾಕ್ರೋದಲ್ಲಿ ರೌಂಡ್ ಬರೆದರೆ 112. ಇವು ಸಾಫ್ಟ್‌ವೇರಿನ ದೋಷಗಳಲ್ಲ. ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುವುದು ಸಂಖ್ಯಾಶಾಸ್ತ್ರದಲ್ಲಿ ಒಪ್ಪಿತವಾದ ಪದ್ಧತಿ. ನಮ್ಮ ತೆರಿಗೆ ಕಾನೂನು ಅದನ್ನು ಒಪ್ಪಿಲ್ಲ, ಅಷ್ಟೆ.

ದಶಮಾಂಶದ ರೂಪವನ್ನೇ ಕಳೆದುಕೊಳ್ಳುವುದು ಇದಕ್ಕಿಂತ ಆಳದ ಸಮಸ್ಯೆ. 0.1 ಮತ್ತು 0.2 ಕೂಡಿಸಿದಾಗ ಬೈನರಿ ಫ್ಲೋಟ್‌ನಲ್ಲಿ 0.30000000000000004 ಬರುತ್ತದೆ. ಕೋಬಾಲ್, ಆರ್‌ಪಿಜಿಗಳಲ್ಲಿ ದಶಮಾಂಶ ಮೂಲದಲ್ಲೇ ಇರುವುದರಿಂದ ಈ ಪ್ರಶ್ನೆ ಏಳುವುದಿಲ್ಲ. ಜಾವಾದಲ್ಲಿ ಬಿಗ್‌ಡೆಸಿಮಲ್, ಪೈಥಾನ್‌ನಲ್ಲಿ ಡೆಸಿಮಲ್, ಸಿ ಶಾರ್ಪ್‌ನಲ್ಲಿ ಡೆಸಿಮಲ್ ಎಂಬ ಪ್ರಕಾರಗಳಿವೆ. ಆದರೆ ಭಾಷೆಯಲ್ಲಿ ಪ್ರಕಾರ ಇದ್ದರೆ ಸಾಲದು, ಡ್ರೈವರು ಅದನ್ನೇ ಕೈಗೆ ಕೊಡಬೇಕು. ಪೈಥಾನ್‌ನಿಂದ ಪೈಓಡಿಬಿಸಿ ಮೂಲಕ ಎಸ್‌ಕ್ಯೂಎಲ್ ಸರ್ವರಿನ ದಶಮಾಂಶ ಕಾಲಂ ಓದಿದರೆ ಡೆಸಿಮಲ್ ಸಿಗುತ್ತದೆ. ಅದೇ ಪೈಥಾನ್‌ನಿಂದ ಒರಾಕಲ್ ಡ್ರೈವರ್ ಮೂಲಕ ಓದಿದರೆ, ಬೇರೆ ಸೂಚನೆ ಕೊಡದ ಹೊರತು, ಪೈಸೆಯಿರುವ ಮೊತ್ತ ಫ್ಲೋಟ್ ಆಗಿ ಬರುತ್ತದೆ. ಎರಡು ವ್ಯವಸ್ಥೆಗಳ ಮೊತ್ತ ತಾಳೆ ನೋಡುವ ಪ್ರೋಗ್ರಾಮಿಗೆ ಇದಕ್ಕಿಂತ ಕೆಟ್ಟ ಆರಂಭ ಇರಲಾರದು. ಡೆಸಿಮಲ್ ತರಿಸುವ ಸೂಚನೆ ಒಂದೇ ಸಾಲಿನದು, ಅದನ್ನು ಬರೆಯಲೇಬೇಕು. ಇದೇ ಕಾರಣಕ್ಕೆ ‘ಪೈಥಾನ್ ಒಳ್ಳೆಯದೇ, ಜಾವಾ ಒಳ್ಳೆಯದೇ’ ಎಂದು ಭಾಷೆಗಳನ್ನಷ್ಟೇ ಹೋಲಿಸುವ ಪ್ರಶ್ನೆ ಅರ್ಧದ್ದು ಎಂದು ನನಗನಿಸುತ್ತದೆ. ಹೋಲಿಸಬೇಕಾದದ್ದು ಭಾಷೆ ಮತ್ತು ಡ್ರೈವರಿನ ಜೋಡಿಯನ್ನು.

ಜಾವಾದ ಬಗ್ಗೆ ಒಂದು ಮೆಚ್ಚುಗೆಯ ಮಾತು. ಬಿಗ್‌ಡೆಸಿಮಲ್ ಮೌಲ್ಯವನ್ನು ಎರಡು ಸ್ಥಾನಕ್ಕೆ ಇಳಿಸು ಎಂದಷ್ಟೇ ಹೇಳಿ ಹೇಗೆ ಇಳಿಸಬೇಕೆಂದು ಹೇಳದಿದ್ದರೆ, ಅಂಕಿ ಬಿಟ್ಟುಹೋಗುವ ಸಂದರ್ಭದಲ್ಲಿ ಅದು ದೋಷ ಎಸೆದು ನಿಲ್ಲುತ್ತದೆ. ತಾನಾಗಿ ಊಹಿಸುವುದಿಲ್ಲ. ಬರೆಯುವವರಿಗೆ ಕಿರಿಕಿರಿ ಎನಿಸುವ ಈ ಗುಣವೇ ಲೆಕ್ಕಪತ್ರದ ಕೆಲಸಕ್ಕೆ ಬೇಕಾದದ್ದು. ಜಾವಾಸ್ಕ್ರಿಪ್ಟ್ ಇದಕ್ಕೆ ಪೂರ್ತಿ ವಿರುದ್ಧ: ಅದರ ಸಾಮಾನ್ಯ ಸಂಖ್ಯೆಯಲ್ಲಿ 9007199254740993 ಎಂಬ ಗುರುತಿನ ಸಂಖ್ಯೆ ಸದ್ದಿಲ್ಲದೆ 9007199254740992 ಆಗುತ್ತದೆ. ದೊಡ್ಡ ಗುರುತಿನ ಸಂಖ್ಯೆಗಳನ್ನು ಅಲ್ಲಿಗೆ ಅಕ್ಷರ ರೂಪದಲ್ಲೇ ಕಳಿಸಬೇಕು.

ಕ್ರಮ, ಖಾಲಿ, ಓಡಾಟ

ಎರಡು ವ್ಯವಸ್ಥೆಗಳಿಂದ ಗ್ರಾಹಕರ ಸಂಕೇತಗಳನ್ನು ಕ್ರಮವಾಗಿ ತರಿಸಿ, ಅಕ್ಕಪಕ್ಕ ಇಟ್ಟು ಹೋಲಿಸುತ್ತ ಹೋಗುವುದು ತಾಳೆ ನೋಡುವ ಹಳೆಯ, ಒಳ್ಳೆಯ ವಿಧಾನ. ಎರಡು ಪಟ್ಟಿಗಳ ಕ್ರಮ ಒಂದೇ ಆಗಿದ್ದರೆ ಮಾತ್ರ ಅದು ನಡೆಯುತ್ತದೆ. ಎಎಸ್/400 ಬಳಸುವ ಎಬ್ಸಿಡಿಕ್ ಸಂಕೇತದಲ್ಲಿ ಇಂಗ್ಲಿಷಿನ ಸಣ್ಣಕ್ಷರ ಮೊದಲು, ನಂತರ ದೊಡ್ಡಕ್ಷರ, ಕೊನೆಗೆ ಅಂಕಿ. ಆಸ್ಕಿಯಲ್ಲಿ ನೇರ ತಿರುಗುಮುರುಗು: ಅಂಕಿ, ದೊಡ್ಡಕ್ಷರ, ಸಣ್ಣಕ್ಷರ. ಅಂಕಿಯಿಂದ ಶುರುವಾಗುವ ಸಂಕೇತಗಳು ಒಂದು ಪಟ್ಟಿಯ ತಲೆಯಲ್ಲಿ, ಇನ್ನೊಂದರ ಬಾಲದಲ್ಲಿ ಬಂದು, ಎರಡೂ ಕಡೆ ಇರುವ ಗ್ರಾಹಕ ಎರಡೂ ಕಡೆ ಇಲ್ಲದವನಾಗಿ ಕಾಣುತ್ತಾನೆ. ನಲ್ ಎಂಬ ಖಾಲಿ ಮೌಲ್ಯಗಳು ಒರಾಕಲ್‌ನ ಏರಿಕೆಯ ಕ್ರಮದಲ್ಲಿ ಕೊನೆಗೆ ಬರುತ್ತವೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೊದಲಿಗೆ. ಸಾಲದ್ದಕ್ಕೆ, ಒರಾಕಲ್ ಅಕ್ಷರವೇ ಇಲ್ಲದ ಸರಣಿಯನ್ನೂ ನಲ್ ಎಂದೇ ಎಣಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್ ಎರಡನ್ನೂ ಬೇರೆಯಾಗಿಯೇ ನೋಡುತ್ತದೆ. ಭಾಷೆಯ ಆಯ್ಕೆಯಿಂದ ಇದು ಬಗೆಹರಿಯುವುದಿಲ್ಲ. ತರಿಸಿಕೊಂಡ ಮೇಲೆ ಪ್ರೋಗ್ರಾಮಿನೊಳಗೆ ಒಂದೇ ನಿಯಮದಿಂದ ಮತ್ತೆ ಕ್ರಮಗೊಳಿಸುವುದು, ಇಲ್ಲವೇ ಕ್ರಮವನ್ನೇ ನಂಬದೆ ಕೀಲಿಯಿಂದ ಹುಡುಕುವುದು, ಇವೆರಡೇ ದಾರಿ.

ವೇಗದ ಪ್ರಶ್ನೆಯೂ ಬಹುಪಾಲು ಗಡಿಯದೇ. ಆರ್‌ಪಿಜಿ ಪ್ರೋಗ್ರಾಮು ಅದೇ ಯಂತ್ರದಲ್ಲಿ ಕುಳಿತು ಒಂದೊಂದೇ ದಾಖಲೆ ಓದಿದರೆ ತೊಂದರೆಯಿಲ್ಲ. ಅದೇ ತರ್ಕವನ್ನು ಸಾಲಿಗೆ ಸಾಲು ಜಾವಾಕ್ಕೆ ಇಳಿಸಿ ಇನ್ನೊಂದು ಸರ್ವರಿನಲ್ಲಿ ಓಡಿಸಿದರೆ ಪ್ರತಿ ದಾಖಲೆಗೂ ನೆಟ್‌ವರ್ಕ್ ದಾಟಬೇಕು. ಒರಾಕಲ್‌ನ ಜೆಡಿಬಿಸಿ ಡ್ರೈವರ್ ರೂಢಿಯಂತೆ ಒಂದು ಸಲಕ್ಕೆ 10 ಸಾಲು ತರುತ್ತದೆ. 10,000 ಸಾಲಿಗೆ 1,000 ಓಡಾಟ. ಆ ಸಂಖ್ಯೆಯನ್ನು ಹೆಚ್ಚಿಸಿದರೆ ಭಾಷೆ ಬದಲಿಸದೆಯೇ ಸಮಯ ಉಳಿಯುತ್ತದೆ. ಕೂಡುವ, ಗುಂಪುಮಾಡುವ ಕೆಲಸವನ್ನು ಎಸ್‌ಕ್ಯೂಎಲ್‌ಗೇ ಬಿಟ್ಟರೆ ಇನ್ನೂ ಹೆಚ್ಚು.

ಹಾಗಾದರೆ ಆಯ್ಕೆ ಯಾವುದು? ಆರಂಭದಲ್ಲಿ ಹೇಳಿದ ಮೂರು ಯಂತ್ರಗಳ ಸಂಸ್ಥೆಗೆ ನನ್ನ ಅಭಿಪ್ರಾಯ ಇದು. ಎಎಸ್/400ರೊಳಗಿನ ವ್ಯವಹಾರ ನಿಯಮಗಳು, ಅಂದರೆ ದರ, ರಿಯಾಯಿತಿ, ದಾಸ್ತಾನು ಕಾಯ್ದಿರಿಸುವ ಬಗೆ, ಆರ್‌ಪಿಜಿಯಲ್ಲೇ ಇರಲಿ. ಆ ಪ್ರೋಗ್ರಾಮುಗಳನ್ನು ಸ್ಟೋರ್ಡ್ ಪ್ರೊಸೀಜರುಗಳಾಗಿ ಘೋಷಿಸಿ ಹೊರಗಿನವರು ಅವುಗಳ ಮೂಲಕವೇ ಬರೆಯಲಿ. ಮೂರನ್ನೂ ಮುಟ್ಟಿ ತಿದ್ದುವ ಸೇವೆಗೆ ಜಾವಾ ಸೂಕ್ತ: ಮೂರಕ್ಕೂ ಪೂರ್ಣ ಜಾವಾದಲ್ಲೇ ಬರೆದ ಡ್ರೈವರುಗಳಿವೆ, ದಶಮಾಂಶದ ಶಿಸ್ತು ಇದೆ. ವಿಂಡೋಸ್ ಒಗ್ಗಿದ ತಂಡವಿದ್ದರೆ ಸಿ ಶಾರ್ಪ್ ಕೂಡ ಆಗಬಹುದು, ರೌಂಡ್ ವಿಧಾನವನ್ನು ಎಲ್ಲ ಕಡೆ ಬಾಯಿಬಿಟ್ಟು ಹೇಳುವುದಾದರೆ. ಓದುವ, ತಾಳೆ ನೋಡುವ, ವರದಿ ತೆಗೆಯುವ ಕೆಲಸಕ್ಕೆ ಪೈಥಾನ್ ಬಹಳ ಅನುಕೂಲ, ಓದುವ ಅಧಿಕಾರವಷ್ಟೇ ಇರುವ ಖಾತೆಯಿಂದ. ಎರಡು ಡೇಟಾಬೇಸುಗಳನ್ನು ಒಂದೇ ವಹಿವಾಟಿನಲ್ಲಿ ತಿದ್ದುವ ಎರಡು ಹಂತದ ಕಮಿಟ್ ಸಾಧ್ಯವಿದ್ದರೂ ಅದನ್ನು ತಪ್ಪಿಸಿ, ಒಂದರಲ್ಲಿ ಬರೆದು, ಕಳಿಸಬೇಕಾದದ್ದನ್ನು ಅಲ್ಲೇ ಒಂದು ಟೇಬಲಿನಲ್ಲಿ ದಾಖಲಿಸಿ ಆಮೇಲೆ ತಲುಪಿಸುವುದು ಲೇಸು.

ಕನ್ನಡದ ಹೆಸರುಗಳು

ಇಷ್ಟು ಹೊತ್ತು ಅಂಕಿ, ಇಂಗ್ಲಿಷ್ ಅಕ್ಷರಗಳ ಮಾತಾಯಿತು. ಗ್ರಾಹಕರ ಹೆಸರು, ಊರು ಕನ್ನಡದಲ್ಲಿ ಇರಬೇಕಾದಾಗ ಗಡಿಯ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ‘ಕರ್ನಾಟಕ’ ಎಂಬುದು ಓದುವ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿನಲ್ಲಿ ಅರ್ಧಾಕ್ಷರದ ಚಿಹ್ನೆ, ದೀರ್ಘದ ಚಿಹ್ನೆ ಸೇರಿ 7 ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 21 ಬೈಟು. ಜಾವಾ, ಪೈಥಾನ್ ಇದರ ಉದ್ದವನ್ನು 7 ಎನ್ನುತ್ತವೆ. ಸಿ, ಗೋ ಭಾಷೆಗಳು 21 ಎನ್ನುತ್ತವೆ. ಬೈಟಿನ ಲೆಕ್ಕದಲ್ಲಿ 20 ಎಂದು ಕಟ್ಟಿದ ಒರಾಕಲ್ ಕಾಲಂ ಈ ಹೆಸರನ್ನು ಒಪ್ಪದೆ ದೋಷ ಹೇಳುತ್ತದೆ. ಒರಾಕಲ್‌ನಲ್ಲಿ ಬೈಟ್ ಲೆಕ್ಕವೇ ಮೂಲ ರೂಢಿ ಎಂಬುದನ್ನು ನೆನಪಿಡಬೇಕು. ಬೈಟಿನ ಬದಲು ಸಂಕೇತಗಳನ್ನು ಎಣಿಸುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 7 ಎಂದು ಕಟ್ಟಿದರೂ ಅದು ಹಿಡಿಸುತ್ತದೆ.

ದೋಷ ಹೇಳುವ ಒರಾಕಲ್ ಇಲ್ಲಿ ಉಪಕಾರವನ್ನೇ ಮಾಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಬಗೆಯ, ಯುನಿಕೋಡ್ ಅಲ್ಲದ ಕಾಲಂಗೆ ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಮೂಲ ಹೆಸರು ಮರಳಿ ಸಿಗುವುದಿಲ್ಲ. ಎಎಸ್/400ರ ಸಾಮಾನ್ಯ ಎಬ್ಸಿಡಿಕ್ ಕಾಲಂನಲ್ಲೂ ಕನ್ನಡಕ್ಕೆ ಜಾಗವಿಲ್ಲ; ಅಲ್ಲಿ 1200 ಅಥವಾ 1208 ಸಂಖ್ಯೆಯ ಯುನಿಕೋಡ್ ಗುರುತಿನ ಕಾಲಂ ಕಟ್ಟಬೇಕು. ಯುನಿಕೋಡಿಗೆ ಮುಂಚಿನ ನುಡಿ ಫಾಂಟುಗಳ 8 ಬಿಟ್ ಸಂಕೇತದಲ್ಲಿ ಟೈಪಾದ ಹಳೆಯ ದಾಖಲೆಗಳಂತೂ ಡೇಟಾಬೇಸಿನ ಪಾಲಿಗೆ ಲ್ಯಾಟಿನ್ ಅಕ್ಷರಗಳ ಗೊಂದಲವಷ್ಟೇ. ಅವನ್ನು ಪರಿವರ್ತಿಸದೆ ಹುಡುಕುವುದು, ಹೊಂದಿಸುವುದು ಸಾಧ್ಯವಿಲ್ಲ.

ಎಲ್ಲವೂ ಯುನಿಕೋಡಿಗೆ ಬಂದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ‘ಕೋಲಾರ’ದ ‘ಕೋ’ವನ್ನು ಓಕಾರದ ಒಂದೇ ಸಂಕೇತದಿಂದ ಬರೆಯಬಹುದು, ಎಕಾರ, ಊಕಾರ, ದೀರ್ಘ ಎಂಬ ಮೂರು ತುಂಡುಗಳಿಂದಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟುಗಳನ್ನು ಹೋಲಿಸುವ ಡೇಟಾಬೇಸಿಗೆ ಎರಡೂ ಬೇರೆ. ಯುನಿಕೋಡ್ ಇದಕ್ಕೆಂದೇ ಎನ್‌ಎಫ್‌ಸಿ ಎಂಬ ಏಕರೂಪವನ್ನು ನಿಗದಿ ಮಾಡಿದೆ. ಜಾವಾ ಮತ್ತು ಪೈಥಾನ್‌ಗಳ ಮೂಲ ಗ್ರಂಥಾಲಯದಲ್ಲೇ ಅದಕ್ಕೆ ಬೇಕಾದ ವಿಧಾನಗಳಿವೆ. ಹೆಸರು ಡೇಟಾಬೇಸಿಗೆ ಹೋಗುವ ಮುನ್ನ ಒಂದು ಸಲ ಅದರ ಮೂಲಕ ಹಾದುಹೋಗಬೇಕು.

ಕರ್ನಾಟಕದ ಸಂಸ್ಥೆಗಳಲ್ಲಿ ಭಾಷೆ, ಡ್ರೈವರುಗಳನ್ನು ಆಯ್ಕೆ ಮಾಡುವ ಸ್ಥಾನದಲ್ಲಿ ಇರುವವರಲ್ಲಿ ನನ್ನ ವಿನಂತಿ: ಪರೀಕ್ಷೆಯ ದತ್ತಾಂಶದಲ್ಲಿ ಮೊದಲ ದಿನದಿಂದಲೇ ಕನ್ನಡದ ಹೆಸರುಗಳನ್ನು ಸೇರಿಸಿ, ಒತ್ತಕ್ಷರ, ದೀರ್ಘಗಳಿರುವ ಉದ್ದನೆಯ ಊರುಗಳನ್ನೇ ಆರಿಸಿ, ಮೂರೂ ಯಂತ್ರಗಳಿಗೆ ಬರೆಸಿ ಮತ್ತೆ ಓದಿಸಿ. ಇಂಗ್ಲಿಷ್ ಹೆಸರುಗಳಲ್ಲೇ ಪರೀಕ್ಷೆ ಮುಗಿಸಿ ತಂದ ವ್ಯವಸ್ಥೆಯನ್ನು ಇಲ್ಲಿ ಚಾಲನೆಗೆ ಒಪ್ಪಬಾರದು.